ಆ್ಯಂಕರ್ ಒಳಗಿನ ಬಲ ಅಳೆಯುವುದು: ಮಂಗಳೂರು ಕಡೆಯ ಸೈಟುಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕದ್ರಿ, ಬಿಜೈ, ಬೆಂದೂರ್‌ವೆಲ್ ಕಡೆ ಎರಡು ಬೇಸ್‌ಮೆಂಟ್ ಅಂದರೆ ಈಗ ಮಾಮೂಲು. ಗುಂಡಿ ಆಳವಾದಷ್ಟೂ ಬದಿಯ ಬರೆ (ಕಡಿದ ಮಣ್ಣಿನ ಕಡಿದಾದ ಬದಿ) ನಿಲ್ಲಿಸುವುದು ಕಷ್ಟ. ಆಗ ಗ್ರೌಂಡ್ ಆ್ಯಂಕರ್ ಹಾಕುತ್ತಾರೆ. ಹಾಕುವ ದಿನ ಎಲ್ಲರೂ ಸೈಟಿನಲ್ಲಿರುತ್ತಾರೆ. ಮೂರು ತಿಂಗಳ ನಂತರ ಅದರಲ್ಲಿ ಬಲ ಎಷ್ಟು ಉಳಿದಿದೆ ಅಂತ ಕೇಳಿದರೆ ಉತ್ತರ ಸಿಗುವುದು ಅಪರೂಪ. ಮಾಲೀಕರು, ಪಕ್ಕದ ಮನೆಯವರು, ಹೊಸದಾಗಿ ಸೈಟಿಗೆ ಬಂದ ಇಂಜಿನಿಯರುಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಗ್ರೌಂಡ್ ಆ್ಯಂಕರ್ ಅಂದರೆ ಎಂತದು?

ಬರೆಯಲ್ಲಿ ಸ್ವಲ್ಪ ಕೆಳಮುಖವಾಗಿ, ಓರೆಯಾಗಿ ತೂತು ಕೊರೆಯುತ್ತಾರೆ. ಒಳಗೆ ಉಕ್ಕಿನ ಸ್ಟ್ರ್ಯಾಂಡ್ (ತಂತಿ ಹೆಣೆದ ಹಗ್ಗ) ಇಳಿಸಿ, ಸಿಮೆಂಟ್ ಗ್ರೌಟ್, ಅಂದರೆ ತೆಳು ಸಿಮೆಂಟ್ ಗಂಜಿ, ಹಾಕುತ್ತಾರೆ. ಒಳತುದಿಯ ಕೆಲವು ಮೀಟರ್ ಮಾತ್ರ ಮಣ್ಣನ್ನೋ ಬಂಡೆಯನ್ನೋ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅದು ಫಿಕ್ಸೆಡ್ ಲೆಂತ್. ಅಲ್ಲಿಂದ ಬರೆಯನ್ನು ತಡೆದು ನಿಂತ ಗೋಡೆಯವರೆಗೆ ಸ್ಟ್ರ್ಯಾಂಡಿಗೆ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಕೊಳವೆ ಹಾಕಿರುತ್ತಾರೆ. ಅಲ್ಲಿ ಅದು ಯಾವುದಕ್ಕೂ ಅಂಟದೆ ಉದ್ದವಾಗಬಹುದು. ಅದು ಫ್ರೀ ಲೆಂತ್. ಗ್ರೌಟ್ ಗಟ್ಟಿಯಾದ ಮೇಲೆ ಜ್ಯಾಕ್ ಹಾಕಿ ಎಳೆದು, ವೆಡ್ಜ್ (ಬೆಣೆ) ಬಿಗಿದು, ಗೋಡೆಗೆ ಒತ್ತಿ ಕೂರುವ ಉಕ್ಕಿನ ಬೇರಿಂಗ್ ಪ್ಲೇಟಿನ ಮೇಲೆ ಲಾಕ್ ಮಾಡುತ್ತಾರೆ.

ಸಾಮಾನ್ಯವಾಗಿ ಬಳಸುವ 15.2 ಮಿ.ಮೀ. ಸ್ಟ್ರ್ಯಾಂಡ್‌ನಲ್ಲಿ ಏಳು ತಂತಿ ಹೆಣೆದಿರುತ್ತದೆ. ಅದು ತುಂಡಾಗಲು ಸುಮಾರು 260 ಕಿಲೋನ್ಯೂಟನ್ ಬೇಕು, ಅಂದರೆ ಹೆಚ್ಚುಕಡಿಮೆ 26 ಟನ್. ದಿನಬಳಕೆಯಲ್ಲಿ ಅದರ 60 ಶೇಕಡಾ ಮೀರಿಸುವುದಿಲ್ಲ. ಪರೀಕ್ಷೆಗೆ ಎಳೆಯುವಾಗಲೂ 80 ಶೇಕಡಾ ದಾಟಬಾರದು.

ಸಾಯಿಲ್ ನೈಲಿಂಗ್ ಇದೇ ಅಲ್ವಾ?

ಅಲ್ಲ. ನೈಲ್ ಅಂದರೆ ಬರೆಯೊಳಗೆ ಇಳಿಸಿದ ಉಕ್ಕಿನ ಸರಳು. ಅದಕ್ಕೆ ಉದ್ದಕ್ಕೂ ಗ್ರೌಟ್ ಇರುತ್ತದೆ, ಮೊದಲೇ ಎಳೆದಿರುವುದಿಲ್ಲ. ಮಣ್ಣು ಸ್ವಲ್ಪ ಜರುಗಿದ ಮೇಲೇ ಅದು ಕೆಲಸ ಶುರು ಮಾಡುತ್ತದೆ. ಆ್ಯಂಕರ್ ಹಾಗಲ್ಲ, ಮಣ್ಣು ಜರುಗುವ ಮೊದಲೇ ಗೋಡೆಯನ್ನು ಹಿಂದಕ್ಕೆ ಎಳೆದು ಹಿಡಿದಿರುತ್ತದೆ.

ಒಮ್ಮೆ ಎಳೆದು ಲಾಕ್ ಮಾಡಿದ ಮೇಲೆ ಮತ್ತೆ ಯಾಕೆ ಅಳೆಯಬೇಕು?

ಯಾಕೆಂದರೆ ಬಲ ಅಲ್ಲೇ ನಿಲ್ಲುವುದಿಲ್ಲ.

ಇಳಿಯುವುದಕ್ಕೆ ಕಾರಣ ಹಲವು. ಎಳೆದು ಹಿಡಿದ ಉಕ್ಕು ತಾನೇ ಸ್ವಲ್ಪ ಸಡಿಲವಾಗುತ್ತದೆ. ಇದು ಸಣ್ಣದು: ಭಾರತೀಯ ಮಾನದಂಡ ಐಎಸ್ 14268 ಪ್ರಕಾರ ಲೋ ರಿಲ್ಯಾಕ್ಸೇಶನ್ (ಕಡಿಮೆ ಸಡಿಲವಾಗುವ) ಸ್ಟ್ರ್ಯಾಂಡಿಗೆ 70 ಶೇಕಡಾ ಬಲದಲ್ಲಿ 1,000 ಗಂಟೆಗೆ ಹೆಚ್ಚೆಂದರೆ 2.5 ಶೇಕಡಾ. ಜಾಸ್ತಿ ತಲೆನೋವು ಫಿಕ್ಸೆಡ್ ಲೆಂತ್ ಸುತ್ತಲಿನ ಮಣ್ಣಿನದ್ದು. ಅದು ನಿಧಾನವಾಗಿ ಬಿಟ್ಟುಕೊಟ್ಟರೆ ಬಲ ತಿಂಗಳುಗಟ್ಟಲೆ ಇಳಿಯುತ್ತಲೇ ಇರುತ್ತದೆ. ಬೇರಿಂಗ್ ಪ್ಲೇಟಿನ ಹಿಂದಿನ ಮಣ್ಣು ಕುಸಿದರೂ ಅಷ್ಟೇ. ಪಕ್ಕದ ಆ್ಯಂಕರ್ ಎಳೆದಾಗ ಗೋಡೆ ಹಿಂದಕ್ಕೆ ಸರಿದು ಮೊದಲಿನದು ಸಡಿಲವಾಗುವುದೂ ಉಂಟು.

ಏರುವುದಕ್ಕೆ ಮುಖ್ಯ ಕಾರಣ ಎರಡೇ: ಗುಂಡಿ ಇನ್ನೂ ಆಳವಾಯಿತು, ಇಲ್ಲವೇ ಗೋಡೆಯ ಹಿಂದೆ ನೀರು ನಿಂತಿತು. ನೀರಿನ ಲೆಕ್ಕ ಸುಲಭ. ಗೋಡೆಯ ಹಿಂದೆ ನೀರು 1 ಮೀಟರ್ ಏರಿದರೆ, ಅದರ ಕೆಳಗೆ ಪ್ರತಿ ಚದರ ಮೀಟರಿಗೆ ಸುಮಾರು 1 ಟನ್ ನೀರಿನ ಒತ್ತಡ ಸೇರುತ್ತದೆ. ಎರಡೂ ದಿಕ್ಕಿಗೆ ಎರಡೂವರೆ ಮೀಟರಿಗೊಂದು ಆ್ಯಂಕರ್ ಇದ್ದರೆ, ಒಂದೊಂದರ ಪಾಲಿಗೆ ಆರು ಟನ್ ಬಂತು. ಎರಡು ದಿನದ ಮಳೆಗೆ ನೀರು ಒಂದೇ ಮೀಟರಿಗೆ ನಿಲ್ಲುತ್ತದೆ ಅಂತ ಹೇಳುವವರು ನಮ್ಮ ಊರಿನ ಮಳೆ ನೋಡಿದವರಲ್ಲ.

ನಮ್ಮ ಕಡೆಯ ಮಣ್ಣಿನಲ್ಲಿ ವಿಶೇಷ ಏನಿದೆ? ಮುರಕಲ್ಲು ಗಟ್ಟಿ ಅಲ್ವಾ?

ಮುರಕಲ್ಲು (ಲ್ಯಾಟರೈಟ್) ಗಟ್ಟಿಯೇ. ನೇರವಾಗಿ ಕಡಿದರೂ ವರ್ಷಗಟ್ಟಲೆ ನಿಲ್ಲುತ್ತದೆ. ಆ ಧೈರ್ಯದಿಂದಲೇ ಜನ ಬರೆಯ ಬುಡದಲ್ಲಿ ಮನೆ ಕಟ್ಟುತ್ತಾರೆ. ಮೋಸ ಇರುವುದು ಅದರ ಕೆಳಗೆ.

ಮಂಗಳೂರು, ಉಡುಪಿ, ಮಣಿಪಾಲದ ಗುಡ್ಡಗಳಲ್ಲಿ ಮುರಕಲ್ಲಿನ ಪದರ ಮುಗಿದ ಮೇಲೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಮೆತ್ತನೆ ಮಣ್ಣು ಸಿಗುತ್ತದೆ. ಇದೇ ಶೇಡಿ ಮಣ್ಣು. ಪುಸ್ತಕದಲ್ಲಿ ಲಿಥೊಮಾರ್ಜಿಕ್ ಕ್ಲೇ ಅನ್ನುತ್ತಾರೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಇದರ ಮೇಲೆ ಬೇಕಾದಷ್ಟು ಕೆಲಸ ಆಗಿದೆ. ಬೇಸಿಗೆಯಲ್ಲಿ ಒಂದು ಹೆಂಟೆ ಕೈಗೆ ತೆಗೆದುಕೊಳ್ಳಿ. ಮುರಿಯಲು ಬೆರಳಿಗೆ ಸಾಕಷ್ಟು ಬಲ ಬೇಕು. ಅದನ್ನೇ ಒಂದು ಲೋಟ ನೀರಿಗೆ ಹಾಕಿ, ಚಾ ಕುಡಿದು ಬನ್ನಿ. ಅಂಚೆಲ್ಲ ಉದುರಿ ತಳದಲ್ಲಿ ಕೆಸರು ಕುಳಿತಿರುತ್ತದೆ. ಹರಿವ ನೀರು ಸಿಕ್ಕರೆ ಒಳಗೊಳಗೇ ಸುರಂಗದ ಹಾಗೆ ಕೊಚ್ಚಿಹೋಗುತ್ತದೆ. ಮೇಲಿನ ಮುರಕಲ್ಲು ಬುಡ ಕಳೆದುಕೊಂಡು ದೊಡ್ಡ ದೊಡ್ಡ ತುಂಡಾಗಿ ಬೀಳುತ್ತದೆ.

ಆ್ಯಂಕರಿಗೆ ಇದರಿಂದ ಎರಡು ತೊಂದರೆ. ಫಿಕ್ಸೆಡ್ ಲೆಂತ್ ಶೇಡಿಯಲ್ಲಿ ಬಿದ್ದರೆ ಹಿಡಿತ ಕಡಿಮೆ. ತೂತು ಕೊರೆಯುವಾಗ ನೀರು ಬಳಸಿದರೆ ಇನ್ನೂ ಹಾಳು, ತೂತಿನ ಒಳಬದಿ ಮೆತ್ತಗಾಗಿ ಗ್ರೌಟಿಗೂ ಮಣ್ಣಿಗೂ ನಡುವೆ ಕೆಸರಿನ ಪದರ ಉಳಿಯುತ್ತದೆ. ಆದಷ್ಟು ಮಟ್ಟಿಗೆ ಕೇಸಿಂಗ್ (ತೂತು ಕುಸಿಯದ ಹಾಗೆ ಹಿಡಿಯುವ ಕೊಳವೆ) ಹಾಕಿ, ಗಾಳಿಯಿಂದ ಕೊರೆದು, ಕೆಳಗಿನ ಶಿಥಿಲ ಬಂಡೆಯವರೆಗೆ ಹೋಗುವುದು ಒಳ್ಳೆಯದು. ಎರಡನೆಯದು, ಬೇಸಿಗೆಯಲ್ಲಿ ಮಾಡಿದ ಪರೀಕ್ಷೆ ಮಳೆಗಾಲದ ಮಣ್ಣಿನ ಬಗ್ಗೆ ಏನೂ ಹೇಳುವುದಿಲ್ಲ. ಮಾರ್ಚ್‌ನಲ್ಲಿ ಪಾಸಾದ ಆ್ಯಂಕರ್ ಆಟಿ ತಿಂಗಳಲ್ಲೂ (ಜುಲೈ-ಆಗಸ್ಟ್) ಹಾಗೇ ಇರುತ್ತದೆ ಅಂತ ನಂಬಬೇಕಾದರೆ ಅಳೆದು ನೋಡಲೇಬೇಕು.

ಅಳೆಯುವುದು ಯಾವುದರಿಂದ?

ಲೋಡ್ ಸೆಲ್‌ನಿಂದ. ನಡುವೆ ತೂತಿರುವ ದಪ್ಪ ಉಕ್ಕಿನ ಉಂಗುರ ಅದು. ಬೇರಿಂಗ್ ಪ್ಲೇಟಿಗೂ ಆ್ಯಂಕರ್ ತಲೆಗೂ (ವೆಡ್ಜ್ ಬಿಗಿಯುವ ಹೊರತುದಿ) ನಡುವೆ ಕೂರುತ್ತದೆ, ಸ್ಟ್ರ್ಯಾಂಡ್‌ಗಳು ತೂತಿನೊಳಗಿಂದ ಹಾದುಹೋಗುತ್ತವೆ.

ಮೂರು ಬಗೆ ಸಿಗುತ್ತದೆ. ಹೈಡ್ರಾಲಿಕ್ ಸೆಲ್‌ನಲ್ಲಿ ಎಣ್ಣೆ ತುಂಬಿದ ತಟ್ಟೆ ಇರುತ್ತದೆ, ಒತ್ತಡವನ್ನು ಗೇಜ್‌ನಲ್ಲಿ ನೇರವಾಗಿ ಓದಬಹುದು. ಕರೆಂಟೂ ಬೇಡ, ಕೇಬಲೂ ಬೇಡ. ಆದರೆ ಪ್ರತಿ ಸಲ ಅದರ ಬಳಿಗೇ ಹೋಗಬೇಕು, ಗುಂಡಿ ಆಳವಾದ ಮೇಲೆ ಮೇಲಿನ ಸಾಲಿಗೆ ಕೈ ಎಟುಕುವುದಿಲ್ಲ. ಉಂಗುರ ಎಷ್ಟು ಕುಗ್ಗಿತು ಅಂತ ಕರೆಂಟಿನಿಂದ ಅಳೆಯುವ ಸ್ಟ್ರೇನ್ ಗೇಜ್ ಸೆಲ್ ವೇಗವಾಗಿ ಓದುತ್ತದೆ, ಆದರೆ ಕೇಬಲ್ ಜೋಡಣೆಗೆ ತೇವ ಹೊಕ್ಕರೆ ಅಂಕಿ ಎಲ್ಲೆಲ್ಲೋ ಹೋಗುತ್ತದೆ. ಜೂನ್ ತಿಂಗಳಲ್ಲಿ ತೇವ ಹೋಗದ ಜಾಗ ನಮ್ಮಲ್ಲಿ ಯಾವುದಿದೆ ಹೇಳಿ.

ಹಾಗಾಗಿ ಇಲ್ಲಿಗೆ ನನ್ನ ಆಯ್ಕೆ ವೈಬ್ರೇಟಿಂಗ್ ವೈರ್ ಸೆಲ್. ಒಳಗೆ ಬಿಗಿದ ಸಣ್ಣ ತಂತಿಗಳಿರುತ್ತವೆ. ರೀಡೌಟ್ ಪೆಟ್ಟಿಗೆ ಅವನ್ನು ಮಿಡಿದು, ಕಂಪನ ಎಷ್ಟು ಅಂತ ಕೇಳಿಸಿಕೊಳ್ಳುತ್ತದೆ. ತಂಬೂರಿಯ ತಂತಿ ಸಡಿಲಿಸಿದರೆ ಸ್ವರ ಇಳಿಯುವ ಹಾಗೆ, ಭಾರ ಬಿದ್ದು ಉಂಗುರ ಕುಗ್ಗಿದಾಗ ಒಳಗಿನ ತಂತಿ ಸಡಿಲವಾಗಿ ಕಂಪನ ಇಳಿಯುತ್ತದೆ. ಕಂಪನದ ಎಣಿಕೆಯನ್ನು ಉದ್ದ ಕೇಬಲ್ ಕೆಡಿಸುವುದಿಲ್ಲ. ರಸ್ತೆ ಮಟ್ಟದಲ್ಲಿ ಕೊಡೆ ಹಿಡಿದು ನಿಂತೇ ಓದಬಹುದು.

ಒಂದು ಸೆಲ್‌ನಲ್ಲಿ ಮೂರೋ ಆರೋ ತಂತಿ ಇರುತ್ತವೆ. ಸರಾಸರಿ ಮಾತ್ರ ಬರೆದಿಡಬೇಡಿ, ಎಲ್ಲವನ್ನೂ ಬರೆಯಿರಿ. ಎರಡು ತಂತಿಯಲ್ಲಿ 600ರ ಹತ್ತಿರ ಬದಲಾವಣೆ, ಮೂರನೆಯದರಲ್ಲಿ ಬರೀ 180 ಬಂದರೆ ಭಾರ ಒಂದು ಬದಿಗೆ ಬಿದ್ದಿದೆ ಎಂದರ್ಥ. ಪ್ಲೇಟ್ ಓರೆಯಾಗಿದೆ, ಇಲ್ಲವೇ ತೂತಿನ ದಿಕ್ಕಿಗೂ ಪ್ಲೇಟಿಗೂ ಲಂಬಕೋನ ಸಿಕ್ಕಿಲ್ಲ. ಸರಾಸರಿ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಜ್ಯಾಕ್ ಗೇಜ್ 500 ಕಿಲೋನ್ಯೂಟನ್ ತೋರಿಸುತ್ತದೆ, ಸೆಲ್ 430 ಅನ್ನುತ್ತದೆ. ಯಾವುದು ಸುಳ್ಳು?

ಯಾವಾಗ ಓದಿದ್ದು ಅಂತ ಮೊದಲು ಹೇಳಿ. ಲಾಕ್ ಮಾಡಿದ ಮೇಲೆ ಓದಿದ್ದಾದರೆ ಎರಡೂ ನಿಜ ಇರಬಹುದು.

ಜ್ಯಾಕ್ ಬಿಟ್ಟಾಗ ವೆಡ್ಜ್‌ಗಳು ಸ್ಟ್ರ್ಯಾಂಡ್ ಕಚ್ಚಿಕೊಂಡು ಕೆಲವು ಮಿ.ಮೀ. ಒಳಗೆ ಹೋಗುತ್ತವೆ. ಸ್ಟ್ರ್ಯಾಂಡ್ ಅಷ್ಟು ಸಡಿಲವಾದ ಹಾಗೆ. ನಾಲ್ಕು ಸ್ಟ್ರ್ಯಾಂಡ್, 10 ಮೀಟರ್ ಫ್ರೀ ಲೆಂತ್ ಇರುವ ಆ್ಯಂಕರ್ ನೋಡೋಣ. ಉಕ್ಕಿನ ಅಡ್ಡಕೊಯ್ತ 560 ಚದರ ಮಿ.ಮೀ. ಲೆಕ್ಕ ಹಾಕಿದರೆ ಪ್ರತಿ ಮಿ.ಮೀ.ಗೆ ಸುಮಾರು 11 ಕಿಲೋನ್ಯೂಟನ್. ವೆಡ್ಜ್ 6 ಮಿ.ಮೀ. ಒಳಗೆ ಹೋದರೆ 65 ಕಿಲೋನ್ಯೂಟನ್ ಅಲ್ಲೇ ಹೋಯಿತು. ಫ್ರೀ ಲೆಂತ್ 20 ಮೀಟರ್ ಆಗಿದ್ದರೆ ನಷ್ಟ ಇದರ ಅರ್ಧ. ಚಿಕ್ಕ ಆ್ಯಂಕರ್‌ಗಳಲ್ಲಿ ಲಾಕ್ ನಷ್ಟ ಜಾಸ್ತಿ ಕಾಣುವುದು ಇದಕ್ಕೇ. ಈ ನಷ್ಟ ಸೇರಿಸಿಕೊಂಡೇ ಎಷ್ಟು ಎಳೆಯಬೇಕು ಅಂತ ನಿರ್ಧರಿಸಬೇಕು.

ಜ್ಯಾಕ್ ಎಳೆದು ಹಿಡಿದಿರುವಾಗಲೇ ವ್ಯತ್ಯಾಸ ಬಂದರೆ ವಿಷಯ ಬೇರೆ. ಜ್ಯಾಕಿನ ಒಳಗಿನ ಘರ್ಷಣೆಯಿಂದ, ಭಾರ ಓರೆಯಾಗಿ ಬೀಳುವುದರಿಂದ 5ರಿಂದ 10 ಶೇಕಡಾ ವ್ಯತ್ಯಾಸ ಬರುವುದು ಹೊಸದಲ್ಲ. ಅದಕ್ಕಿಂತ ಜಾಸ್ತಿ ಆದರೆ ಕೆಲಸ ನಿಲ್ಲಿಸಿ ನೋಡಿ. ತೆಳು ಪ್ಲೇಟ್ ಬಾಗಿದೆಯಾ? ಸೆಲ್ ಮಧ್ಯಕ್ಕೆ ಕೂತಿದೆಯಾ? ಜ್ಯಾಕಿನ ಕ್ಯಾಲಿಬ್ರೇಶನ್ ಚೀಟಿ ಯಾವ ವರ್ಷದ್ದು? ಗೇಜ್ ಒಂದು ಜ್ಯಾಕಿನದ್ದು, ಚೀಟಿ ಇನ್ನೊಂದರದ್ದು ಆಗಿರುವುದೂ ಉಂಟು.

ಇನ್ನೊಂದು ಮಾತು. ಸೆಲ್‌ಗೆ ಭಾರ ಬೀಳುವ ಮೊದಲು, ಸೈಟಿನಲ್ಲೇ, ನೆರಳಿನಲ್ಲಿ ಶೂನ್ಯ ರೀಡಿಂಗ್ ತೆಗೆದಿಡಬೇಕು. ಕಂಪನಿ ಕಾಗದದಲ್ಲಿರುವ ಶೂನ್ಯವನ್ನು ಸುಮ್ನೆ ನಕಲು ಮಾಡಿದರೆ ಮುಂದಿನ ಎಲ್ಲ ಅಂಕಿಗೂ ಆ ತಪ್ಪು ಅಂಟಿಕೊಳ್ಳುತ್ತದೆ. ಭಾರ ಬಿದ್ದ ಮೇಲೆ ಇದನ್ನು ಸರಿ ಮಾಡಲು ಆಗುವುದಿಲ್ಲ.

ಎಲ್ಲ ಆ್ಯಂಕರಿಗೂ ಸೆಲ್ ಬೇಕಾ?

ಬೇಡ. ನೂರಕ್ಕೆ ಐದರಿಂದ ಹತ್ತು ಅನ್ನುವುದು ಸಾಮಾನ್ಯ ರೂಢಿ. ಆದರೆ ಯಾವ ಹತ್ತು ಅನ್ನುವುದು ಮುಖ್ಯ. ಏಣಿ ಇಡಲು ಸುಲಭವಾದ ಮೂಲೆಯಲ್ಲಿ ಹಾಕಿದರೆ ಪ್ರಯೋಜನ ಇಲ್ಲ. ಹಳೇ ಮನೆ ಹತ್ತಿರ ಇರುವ ಬದಿ, ಶೇಡಿ ಕಾಣಿಸಿಕೊಂಡ ಮಟ್ಟ, ಮೇಲಿಂದ ತೋಡೋ ಚರಂಡಿಯೋ ಹಾಯುವ ಜಾಗ, ಗೋಡೆಯ ನಡುಭಾಗ, ಇವೆಲ್ಲ ಮೊದಲು. ಒಂದೇ ಲಂಬ ಸಾಲಿನಲ್ಲಿ ಮೇಲಿಂದ ಕೆಳಗಿನವರೆಗೆ ಎಲ್ಲದಕ್ಕೂ ಹಾಕಿದರೆ ಬಲ ಹೇಗೆ ಹಂಚಿಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಹಾಗೆಯೇ, ಉಳಿದ ಆ್ಯಂಕರ್‌ಗಳ ತಲೆಯಲ್ಲಿ ಸ್ಟ್ರ್ಯಾಂಡಿನ ಬಾಲ ಕತ್ತರಿಸಲು ಅವಸರ ಮಾಡಬೇಡಿ. ಮುಂದೆ, ಉಳಿದ ಬಲ ನೋಡುವ ಲಿಫ್ಟ್‌ಆಫ್ ಪರೀಕ್ಷೆಗೆ (ಕೆಳಗೆ ಹೇಳಿದ್ದೇನೆ) ಜ್ಯಾಕ್ ಹಿಡಿಯಲು ಅದು ಬೇಕು.

ಎಷ್ಟು ದಿನಕ್ಕೊಮ್ಮೆ ಓದಬೇಕು?

ಲಾಕ್ ಮಾಡಿದ ಕೂಡಲೇ, ಆಮೇಲೆ ಕೆಲವು ಗಂಟೆ ಬಿಟ್ಟು, ಮರುದಿನ. ಅಗೆತ ನಡೆಯುವಾಗ ದಿನಾ. ಕೆಳಗಿನ ಸಾಲು ಎಳೆದ ದಿನ ಮೇಲಿನ ಸಾಲನ್ನೂ ಓದಿ. ಅಗೆತ ಮುಗಿದು ಅಂಕಿ ನಿಂತ ಮೇಲೆ ವಾರಕ್ಕೊಮ್ಮೆ ಸಾಕು.

ಮಳೆಗಾಲಕ್ಕೆ ಬೇರೆ ಲೆಕ್ಕ. ಮಂಗಳೂರಿಗೆ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬರುತ್ತದೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದೊಳಗೆ, ಎಲ್ಲ ಸೆಲ್‌ಗಳ ಒಂದು ಪೂರ್ತಿ ಸುತ್ತು ಓದಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಏನಾಯಿತು ಅಂತ ಹೋಲಿಸಲು ಅದೇ ಆಧಾರ. ನಾನು ಕಂಡಂತೆ ಆಗುವುದು ಇದರ ಉಲ್ಟಾ. ಜೋರು ಮಳೆ ಬಂದರೆ ಸೈಟಿಗೆ ರಜೆ, ರೀಡಿಂಗಿಗೂ ರಜೆ. ರೆಡ್ ಅಲರ್ಟ್ ಇರುವ ದಿನ ಓದದಿದ್ದರೆ ಬಿಸಿಲಿನಲ್ಲಿ ಓದಿ ಎಂತ ಪ್ರಯೋಜನ ಮಾರಾಯ್ರೆ? ಆ ಕಾಲಕ್ಕೆ ತಾನೇ ಓದಿ ದಾಖಲಿಸುವ ಡೇಟಾ ಲಾಗರ್ ಇಡುವುದು ಒಳ್ಳೆಯದು, ಗುಂಡಿಗೆ ಯಾರನ್ನೂ ಇಳಿಸಬೇಕಿಲ್ಲ.

ಬೆಳಿಗ್ಗೆ ಒಂದು ಅಂಕಿ, ಮಧ್ಯಾಹ್ನ ಇನ್ನೊಂದು. ಹಾಳಾಗಿದೆಯಾ?

ಇಲ್ಲ, ಬಿಸಿಲು. ಸೆಲ್ ಕಾದಾಗ ಅಂಕಿ ಸರಿಯುತ್ತದೆ. ಒಳಗೆ ಉಷ್ಣತೆ ಅಳೆಯುವ ಥರ್ಮಿಸ್ಟರ್ ಇರುತ್ತದೆ, ಅದನ್ನೂ ಬರೆದಿಡಿ. ಸೆಲ್ ಮೇಲೆ ಒಂದು ಮುಚ್ಚಿಗೆ ಹಾಕಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಓದಿ.

ಎಷ್ಟು ಏರಿದರೆ, ಎಷ್ಟು ಇಳಿದರೆ ಹೆದರಬೇಕು?

ಮಿತಿ ಹೇಳಬೇಕಾದವರು ಡಿಸೈನ್ ಮಾಡಿದವರು. ಕೆಲಸ ಶುರುವಾಗುವ ಮೊದಲೇ ಬರೆದುಕೊಡಬೇಕು. ಸಾಮಾನ್ಯವಾಗಿ ಲಾಕ್ ಮಾಡಿದ ಬಲಕ್ಕಿಂತ 10 ಶೇಕಡಾ ಆಚೀಚೆ ಹೋದರೆ ಗಾಬರಿ ಬೇಡ. ಅದು ಮೀರಿದರೆ ಓದುವುದನ್ನು ಹೆಚ್ಚಿಸಿ, ಕಾರಣ ಹುಡುಕಿ.

ಆದರೆ ಅಂಕಿಗಿಂತ ಗೆರೆಯ ದಾರಿ ನೋಡಬೇಕು. 12 ಶೇಕಡಾ ಇಳಿದು ಎರಡು ತಿಂಗಳಿಂದ ಅಲ್ಲೇ ನಿಂತ ಆ್ಯಂಕರ್ ಬಗ್ಗೆ ನನಗೆ ಚಿಂತೆ ಇಲ್ಲ. ಬರೀ 6 ಶೇಕಡಾ ಏರಿದ್ದು, ಆದರೆ ನಾಲ್ಕು ದಿನದಿಂದ ದಿನಾ ಏರುತ್ತಿದ್ದರೆ, ಅಗೆತವೂ ನಡೆಯದಿದ್ದರೆ, ಆ ರಾತ್ರಿ ನಿದ್ದೆ ಬರುವುದಿಲ್ಲ. ಮೊದಲು ಗೋಡೆಯ ವೀಪ್ ಹೋಲ್ (ಹಿಂದಿನ ನೀರು ಹೊರಬಿಡುವ ತೂತು) ನೋಡಿ. ಮಳೆ ಸುರಿಯುತ್ತಿದ್ದರೂ ಅದರಿಂದ ನೀರು ಬರುತ್ತಿಲ್ಲ ಅಂದರೆ ನೀರು ಹಿಂದೆ ಸಿಕ್ಕಿಕೊಂಡಿದೆ. ಬರುವ ನೀರು ಕೆಸರಾಗಿದ್ದರೆ ಶೇಡಿ ಕೊಚ್ಚಿಹೋಗುತ್ತಿದೆ, ಅದು ಇನ್ನೂ ಕೆಟ್ಟದ್ದು.

ಮೇಲಿನ ಸಾಲಿನ ಒಂದರ ಬಲ ಒಮ್ಮೆಲೇ ಇಳಿದು, ಅದರ ಆಚೀಚಿನದು ಏರಿದರೆ ಒಂದು ಆ್ಯಂಕರ್ ಕೈಬಿಟ್ಟಿದೆ, ಪಕ್ಕದವು ಅದರ ಪಾಲು ಹೊರುತ್ತಿವೆ. ಆಗ ಕೆಳಗಿನ ಜನರನ್ನು ಮೊದಲು ಹತ್ತಿಸಿ, ಫೋನ್ ಆಮೇಲೆ ಮಾಡಿ. ಗೋಡೆಯ ಬುಡಕ್ಕೆ ಮಣ್ಣು ತುಂಬಿ ಒತ್ತು ಕೊಡುವುದು ಎಲ್ಲಕ್ಕಿಂತ ಬೇಗ ಆಗುವ ಉಪಾಯ. ಹೊಸ ಆ್ಯಂಕರ್ ಕೊರೆಯುವ ಮಾತು ಅದಾದ ಮೇಲೆ.

ವಾಟ್ಸಾಪ್ ಗುಂಪಿಗೆ ದಿನಾ ಎಕ್ಸೆಲ್ ಹಾಳೆ ಬರುತ್ತದೆ. ಸಾಕಲ್ವಾ?

ಯಾರಾದರೂ ತೆರೆದು ನೋಡುತ್ತಾರಾ? ನೂರು ಸಾಲಿನ ಅಂಕಿಯಲ್ಲಿ ಏನೂ ಕಾಣುವುದಿಲ್ಲ. ಒಂದೇ ಹಾಳೆಯಲ್ಲಿ ಮೂರು ಗೆರೆ ಎಳೆಯಿರಿ: ಆ್ಯಂಕರ್ ಬಲ, ಅಗೆತದ ಆಳ, ದಿನದ ಮಳೆ. ಕೆಳಗೆ ತಾರೀಕು. ಬಲ ಏರಿದ ದಿನ ಅಗೆತ ಆಗಿತ್ತಾ, ಮಳೆ ಬಂದಿತ್ತಾ ಅಂತ ಮಾಲೀಕರಿಗೂ ಅರ್ಥವಾಗುತ್ತದೆ. ಓದುವವರು ಗುತ್ತಿಗೆದಾರರ ಸಂಬಳದವರಾಗಿರದಿದ್ದರೆ ಇನ್ನೂ ಒಳ್ಳೆಯದು. ಯಾವ ಅಂಕಿ ಬಂದರೆ ಯಾರು ಕೆಲಸ ನಿಲ್ಲಿಸಬಹುದು ಅಂತ ಹೆಸರು ಬರೆದಿರಬೇಕು. ಸೆಲ್‌ಗೆ ಲಕ್ಷ ಖರ್ಚು ಮಾಡಿ ಈ ಒಂದು ಹೆಸರು ಬರೆಯದ ಸೈಟುಗಳೇ ಜಾಸ್ತಿ.

ಸೆಲ್ ಸತ್ತು ಹೋದರೆ ಎಂತ ಮಾಡುವುದು?

ಮೊದಲು ಕೇಬಲ್ ನೋಡಿ. ಹೆಗ್ಗಣ ಕಡಿದಿರುತ್ತದೆ, ಜೆಸಿಬಿ ಬಕೆಟ್ ತಾಗಿರುತ್ತದೆ. ಏಪ್ರಿಲ್‌ನಿಂದ ಮೇವರೆಗೆ, ಮತ್ತೆ ಅಕ್ಟೋಬರ್‌ನಲ್ಲಿ ಸಿಡಿಲಿನ ಕಾಟ ಬೇರೆ. ಲಾಗರ್‌ಗೆ ಅರ್ತಿಂಗ್, ಸರ್ಜ್ ರಕ್ಷಣೆ ಇಲ್ಲದಿದ್ದರೆ ಒಂದೇ ಸಂಜೆಗೆ ಎಲ್ಲ ಚಾನೆಲ್ ಹೋಗಬಹುದು.

ಸೆಲ್ ನಿಜಕ್ಕೂ ಹೋಗಿದ್ದರೆ ಲಿಫ್ಟ್‌ಆಫ್ ಪರೀಕ್ಷೆ ಇದೆ. ಜ್ಯಾಕನ್ನು ಆ್ಯಂಕರ್ ತಲೆಗೆ ಕೂರಿಸಿ ನಿಧಾನವಾಗಿ ಎಳೆಯುತ್ತಾರೆ. ಶುರುವಿನಲ್ಲಿ ಒತ್ತಡ ಏರುತ್ತದೆ, ತಲೆ ಮಾತ್ರ ಅಲುಗಾಡುವುದಿಲ್ಲ. ಜ್ಯಾಕಿನ ಬಲ ಸ್ಟ್ರ್ಯಾಂಡಿನ ಬಲ ಮೀರಿದ ಕ್ಷಣ ತಲೆ ಪ್ಲೇಟಿನಿಂದ ಕೂದಲೆಳೆಯಷ್ಟು ಏಳುತ್ತದೆ. ಡಯಲ್ ಗೇಜ್ ಮುಳ್ಳು ಅಲ್ಲಿಯವರೆಗೆ ಸುಮ್ಮನಿದ್ದದ್ದು ಓಡಲು ಶುರು ಮಾಡುತ್ತದೆ. ಆ ಅಂಕಿಯೇ ಆ್ಯಂಕರ್ ಒಳಗೆ ಉಳಿದ ಬಲ. ಸೆಲ್ ಇಲ್ಲದ ಆ್ಯಂಕರ್‌ಗಳಲ್ಲೂ ಆಗಾಗ ಹೀಗೆ ನೋಡುವುದು ಒಳ್ಳೆಯದು. ಎಳೆಯುವಾಗ ಯಾರೂ ಜ್ಯಾಕಿನ ನೇರ ಎದುರಿಗೆ ನಿಲ್ಲಬಾರದು. ಸ್ಟ್ರ್ಯಾಂಡ್ ತುಂಡಾದರೆ, ವೆಡ್ಜ್ ಜಾರಿದರೆ ಗುಂಡಿನ ವೇಗದಲ್ಲಿ ಹೊರಬರುತ್ತದೆ. ಫೋಟೋ ತೆಗೆಯುವವರೂ ಬದಿಗೇ ನಿಲ್ಲಿ.

ಸೆಲ್ ಒಂದಿದ್ದರೆ ಬರೆ ಬೀಳುವುದು ಮೊದಲೇ ಗೊತ್ತಾಗುತ್ತದಾ?

ಯಾವಾಗಲೂ ಇಲ್ಲ. ಇಡೀ ಗುಡ್ಡವೇ ಆ್ಯಂಕರ್ ತುದಿಯ ಆಚೆಯಿಂದ ಜರಿದರೆ ಗೋಡೆ, ಆ್ಯಂಕರ್, ಮಣ್ಣು ಎಲ್ಲ ಒಟ್ಟಿಗೆ ಸರಿಯುತ್ತದೆ, ಸೆಲ್‌ನಲ್ಲಿ ದೊಡ್ಡ ಬದಲಾವಣೆ ಕಾಣದೆಯೂ ಇರಬಹುದು. ಅದಕ್ಕೆ ಮಣ್ಣು ಒಳಗೆ ಎಷ್ಟು ಸರಿಯಿತು ಅಂತ ತೋರಿಸುವ ಇನ್‌ಕ್ಲಿನೋಮೀಟರ್, ನೀರಿನ ಮಟ್ಟಕ್ಕೆ ಪೀಜೋಮೀಟರ್, ಗೋಡೆಯ ಮೇಲೆ ಸರ್ವೆ ಗುರುತು ಬೇಕು. ಪಕ್ಕದ ಮನೆಯ ಬಾವಿ ಮಟ್ಟ ಬರೆದಿಡುವುದಕ್ಕೆ ಹಗ್ಗ ಸಾಕು, ಖರ್ಚೇ ಇಲ್ಲ.

2024ರ ಜುಲೈ 16ರ ಶಿರೂರು ಗುಡ್ಡ ಕುಸಿತದ ದುರಂತದ ನಂತರ ಈ ಪ್ರಶ್ನೆ ಜಾಸ್ತಿಯಾಗಿದೆ. (ಅದು ಅಂಕೋಲಾದ ಶಿರೂರು, ನಮ್ಮ ಬೈಂದೂರು ಕಡೆಯದ್ದಲ್ಲ.) ಹೆದ್ದಾರಿಯ ಪಕ್ಕದ ಗುಡ್ಡಕ್ಕೂ ಬೇಸ್‌ಮೆಂಟ್ ಗುಂಡಿಗೂ ಅಳತೆ ಬೇರೆ, ಉಪಾಯ ಬೇರೆ. ಒಂದಕ್ಕೆ ಹೇಳಿದ್ದನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಯಾವ ಕೋಡ್ ನೋಡಬೇಕು?

ಬಂಡೆಯ ಆ್ಯಂಕರಿಗೆ ನಮ್ಮಲ್ಲಿ ಐಎಸ್ 10270 ಇದೆ, 1982ರದ್ದು. ಮಣ್ಣಿನ ಆ್ಯಂಕರಿಗೆ ಹೆಚ್ಚಿನವರು ಬ್ರಿಟಿಷ್ ಬಿಎಸ್ 8081, ಯುರೋಪಿನ ಇಎನ್ 1537 ಹಿಡಿಯುತ್ತಾರೆ. ಯಾವುದು ಅನ್ನುವುದನ್ನು ಟೆಂಡರಿನಲ್ಲೇ ಬರೆಯಿರಿ. ಎರಡು ಕೋಡ್ ಬೆರೆಸಿ ತಮಗೆ ಬೇಕಾದ ಸಾಲು ಮಾತ್ರ ಓದುವವರು ಇದ್ದಾರೆ.

ನಾನು ಪಕ್ಕದ ಮನೆಯವ. ನನ್ನ ಜಾಗದ ಕೆಳಗೆ ಆ್ಯಂಕರ್ ಬಂದಿದೆಯಾ?

ಗುಂಡಿ ನಿಮ್ಮ ಗಡಿಗೆ ಹತ್ತಿರ ಇದ್ದರೆ ಬಂದಿರುವ ಸಾಧ್ಯತೆ ಜಾಸ್ತಿ. 15 ಮೀಟರ್ ಉದ್ದದ ಆ್ಯಂಕರ್ ಅವರ ಜಾಗದಲ್ಲೇ ಮುಗಿಯುವುದಿಲ್ಲವಲ್ಲ. ಹಾಕುವ ಮೊದಲು ನಿಮ್ಮ ಒಪ್ಪಿಗೆ ಬರಹದಲ್ಲಿ ಪಡೆಯಬೇಕು. ನೀವು ಕೇಳಬೇಕಾದ್ದು ನಕ್ಷೆ: ಯಾವ ಮಟ್ಟದಲ್ಲಿ, ಯಾವ ಕೋನದಲ್ಲಿ, ಎಷ್ಟು ಉದ್ದ. ನಿಮ್ಮ ಗೋಡೆಯ ಹಳೇ ಬಿರುಕುಗಳ ಫೋಟೋ ತಾರೀಕಿನ ಸಮೇತ ಮೊದಲೇ ತೆಗೆದಿಡಿ. ಆ್ಯಂಕರ್ ಇರುವಷ್ಟು ಕಾಲ ಅವರಿಗೆ ಹೇಳದೆ ಬೋರ್‌ವೆಲ್ ಕೊರೆಸಬೇಡಿ. ಡ್ರಿಲ್ ಬಿಟ್ ಎಳೆದ ಸ್ಟ್ರ್ಯಾಂಡಿಗೆ ತಾಗಿದರೆ ಅವರ ಗೋಡೆಗೂ ಅಪಾಯ, ನಿಮ್ಮ ರಿಗ್‌ಗೂ ಅಪಾಯ.

ಕಟ್ಟಡ ಮೇಲೆ ಬಂದ ಮೇಲೆ ಆ್ಯಂಕರ್ ಏನಾಗುತ್ತದೆ?

ಎರಡು ವರ್ಷದೊಳಗಿನ ಕೆಲಸಕ್ಕೆ ಹಾಕಿದ್ದನ್ನು ತಾತ್ಕಾಲಿಕ ಅನ್ನುತ್ತಾರೆ. ಬೇಸ್‌ಮೆಂಟ್ ಸ್ಲ್ಯಾಬ್‌ಗಳು ಗೋಡೆಗೆ ಒತ್ತು ಕೊಡಲು ಶುರುವಾದ ಮೇಲೆ ಕೆಳಗಿನ ಸಾಲಿನಿಂದ ಒಂದೊಂದಾಗಿ ಸಡಿಲಿಸಬಹುದು. ಆ ಹೊತ್ತಿಗೂ ಸೆಲ್ ಓದಬೇಕು. ಒಂದು ಸಾಲು ಬಿಟ್ಟಾಗ ಮೇಲಿನ ಸಾಲು ಎಷ್ಟು ಏರಿತು ಅಂತ ನೋಡಿಯೇ ಮುಂದಿನದಕ್ಕೆ ಕೈ ಹಾಕುವುದು. ತೊಂದರೆ ಬರುವುದು ಕೆಲಸ ಅರ್ಧಕ್ಕೆ ನಿಂತ ಸೈಟುಗಳಲ್ಲಿ. ದುಡ್ಡಿನ ತಾಪತ್ರಯಕ್ಕೋ ಕೋರ್ಟ್ ಕೇಸಿಗೋ ಗುಂಡಿ ಮೂರು ಮಳೆಗಾಲ ಹಾಗೇ ಬಿದ್ದಿರುತ್ತದೆ. ತಾತ್ಕಾಲಿಕ ಆ್ಯಂಕರಿಗೆ ತುಕ್ಕಿನಿಂದ ಅಷ್ಟು ರಕ್ಷಣೆ ಇರುವುದಿಲ್ಲ, ಕಡಲ ಗಾಳಿಗೆ ತಲೆಯ ಭಾಗ ಬೇಗ ತುಕ್ಕು ಹಿಡಿಯುತ್ತದೆ. ಅಂಥ ಸೈಟಿನಲ್ಲಿ ಕೆಲಸ ನಿಂತರೂ ರೀಡಿಂಗ್ ನಿಲ್ಲಬಾರದು. ಪ್ರತಿ ಮಳೆಗಾಲದ ಮೊದಲು ಕೆಲವು ಆ್ಯಂಕರಿಗೆ ಲಿಫ್ಟ್‌ಆಫ್ ಮಾಡಿಸಿ, ಸಾಲದಿದ್ದರೆ ಗುಂಡಿಯ ಬುಡಕ್ಕೆ ಮಣ್ಣು ತುಂಬಿಸಿ.